ಕಟ್ಟಿದ ಮೂತ್ರನಾಳಕ್ಕೆ ಕಿಂಡಿಯಿಂದ ದಾರಿ

ಮೂವತ್ತರ ಆಸುಪಾಸಿನ ಗಾರೆ ಕೆಲಸದವನೊಬ್ಬನಿದ್ದಾನೆ ಎಂದಿಟ್ಟುಕೊಳ್ಳೋಣ. ಮೂರು ವರ್ಷಗಳಿಂದ ಅವನ ಬಲಪಕ್ಕೆಯಲ್ಲಿ ಆಗಾಗ ನೋವು. ಬಂದರೆ ಅರ್ಧ ದಿನ ಕಾಡುತ್ತದೆ, ಹೋದರೆ ತಿಂಗಳುಗಟ್ಟಲೆ ಸುಳಿವಿಲ್ಲ. ಹಬ್ಬದೂಟದ ಮೇಲೆ ಚೊಂಬುಗಟ್ಟಲೆ ಮಜ್ಜಿಗೆ ಕುಡಿದ ದಿನ ನೋವು ಜಾಸ್ತಿ. ಮನೆಯ ಹಿರಿಯರು ವಾಯು ಎಂದರು. ಔಷಧಿ ಅಂಗಡಿಯವರು ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟರು. ಇನ್ಯಾರೋ ಕಲ್ಲಿರಬೇಕು ಎಂದು ಬಾಳೆದಿಂಡಿನ ರಸ ಕುಡಿಸಿದರು. ಕೊನೆಗೊಂದು ದಿನ ಸ್ಕ್ಯಾನಿಂಗ್ ಮಾಡಿಸಿದಾಗ ಕಲ್ಲೇನೂ ಕಾಣಲಿಲ್ಲ. ಆದರೆ ಬಲ ಮೂತ್ರಪಿಂಡ ನೀರು ತುಂಬಿದ ಚೀಲದಂತೆ ಊದಿಕೊಂಡಿತ್ತು.

ಕಲ್ಲಿಲ್ಲ ಎಂದ ಮೇಲೆ ಮೂತ್ರದ ದಾರಿಯನ್ನು ಕಟ್ಟಿದ್ದು ಏನು? ಇದು ಒಬ್ಬ ಕಲ್ಪಿತ ರೋಗಿಯ ಪ್ರಶ್ನೆ ಮಾತ್ರವಲ್ಲ. ಮೂತ್ರರೋಗ ತಜ್ಞರ ಬಳಿಗೆ ಬರುವ ಇಂಥ ರೋಗಿಗಳಲ್ಲಿ ಕೆಲವರಿಗೆ ಕಾರಣ ತೀರ ಅಪರೂಪದ್ದಾಗಿರುತ್ತದೆ. ಅದನ್ನು ಸರಿಪಡಿಸಲು ಹಿಂದೆ ಪಕ್ಕೆಯನ್ನು ಗೇಣುದ್ದ ಸೀಳಬೇಕಿತ್ತು. ಈಗ ಬೆರಳು ತೂರುವಷ್ಟು ದೊಡ್ಡದೂ ಅಲ್ಲದ ಮೂರು ನಾಲ್ಕು ಕಿಂಡಿಗಳು ಸಾಕು. ಈ ಬದಲಾವಣೆ ನಡೆದದ್ದು ಹೇಗೆ, ಅದರಲ್ಲಿ ಅಪರೂಪದ ರೋಗಗಳ ಪಾತ್ರವೇನು ಎಂಬುದು ಕುತೂಹಲದ ಚರಿತ್ರೆ.

ಎರಡು ನಾಳಗಳು

ನಮ್ಮ ಬೆನ್ನಿನ ಕಡೆ, ಕೆಳಪಕ್ಕೆಲುಬುಗಳ ಮರೆಯಲ್ಲಿ ಎರಡು ಮೂತ್ರಪಿಂಡಗಳಿವೆ. ರಕ್ತವನ್ನು ಸೋಸಿ ಅವು ತಯಾರಿಸುವ ಮೂತ್ರ ಕೆಳಗಿನ ಮೂತ್ರಕೋಶಕ್ಕೆ ಇಳಿಯುವುದು ಎರಡು ಮೂತ್ರನಾಳಗಳ ಮೂಲಕ. ಒಂದೊಂದು ನಾಳವೂ ಸುಮಾರು 25ರಿಂದ 30 ಸೆಂಟಿಮೀಟರ್ ಉದ್ದ. ದಪ್ಪ ಮಾತ್ರ ಕೆಲವೇ ಮಿಲಿಮೀಟರ್. ಇದು ನೀರು ತಾನಾಗಿ ಜಾರುವ ಕೊಳವೆಯಲ್ಲ. ಅದರ ಗೋಡೆಯಲ್ಲಿರುವ ಸ್ನಾಯು ನಿಮಿಷಕ್ಕೆ ಹಲವು ಬಾರಿ ಅಲೆಯಂತೆ ಕುಗ್ಗಿ, ಮೂತ್ರವನ್ನು ಸ್ವಲ್ಪ ಸ್ವಲ್ಪವೇ ಕೆಳಕ್ಕೆ ತಳ್ಳುತ್ತದೆ. ಆದ್ದರಿಂದಲೇ ನಾವು ಮಲಗಿದ್ದಾಗಲೂ ಕೆಲಸ ನಿಲ್ಲುವುದಿಲ್ಲ.

ಈ ಜೋಡಿ ನಾಳಗಳ ಅರಿವು ಹಳೆಯದು. ಅಥರ್ವವೇದದ ಮೊದಲ ಕಾಂಡದಲ್ಲಿ ಮೂತ್ರ ಕಟ್ಟಿದವನ ಉಪಶಮನಕ್ಕಾಗಿ ಹೇಳುವ ಸೂಕ್ತವೊಂದಿದೆ. ಅದರಲ್ಲಿ ‘ಗವೀನಿ’ ಎಂಬ ಪದ ದ್ವಿವಚನದಲ್ಲಿ ಬರುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ, ವಿಜಯನಗರದ ಅರಸರ ಆಶ್ರಯದಲ್ಲಿ ವೇದಭಾಷ್ಯ ಬರೆದ ಸಾಯಣಾಚಾರ್ಯರು ಇದಕ್ಕೆ ಅರ್ಥ ಹೇಳುವಾಗ, ಮೂತ್ರವನ್ನು ಮೂತ್ರಾಶಯಕ್ಕೆ ತಲುಪಿಸುವ, ಎರಡು ಪಕ್ಕಗಳಲ್ಲಿರುವ ನಾಡಿಗಳು ಎಂದು ವಿವರಿಸಿದ್ದಾರೆ. ಮೂತ್ರ ಕರುಳಿನಿಂದ ಹೊರಡುತ್ತದೆ ಎಂಬುದು ಅವರ ತಿಳಿವಳಿಕೆಯಾಗಿತ್ತು, ಅದು ಸರಿಯಲ್ಲ. ಆದರೆ ಎರಡು ಪಕ್ಕ, ಎರಡು ನಾಳ ಎಂಬ ಲೆಕ್ಕ ಸರಿಯಾಗಿಯೇ ಇದೆ.

ಮೂತ್ರ ಹುಟ್ಟುವುದು ಎಲ್ಲಿ ಎಂಬುದನ್ನು ಪ್ರಯೋಗದಿಂದ ತೋರಿಸಿದವನು ಎರಡನೆಯ ಶತಮಾನದ ಗ್ರೀಕ್ ವೈದ್ಯ ಗೇಲನ್. ಕುಡಿದ ನೀರು ಆವಿಯಾಗಿ, ಮೂತ್ರಕೋಶದಲ್ಲಿ ಮತ್ತೆ ನೀರಾಗಿ ಸೇರುತ್ತದೆ ಎಂದು ವಾದಿಸುವವರು ಆಗ ಇದ್ದರು. ಗೇಲನ್ ಜೀವಂತ ಪ್ರಾಣಿಯ ಮೂತ್ರನಾಳಗಳಿಗೆ ದಾರ ಕಟ್ಟಿದ. ಮೂತ್ರಕೋಶ ಬರಿದಾಗಿಯೇ ಉಳಿಯಿತು. ಕಟ್ಟಿನ ಮೇಲಿನ ನಾಳ ಮಾತ್ರ ಉಬ್ಬಿಕೊಂಡಿತು. ಕಟ್ಟು ಬಿಚ್ಚಿದೊಡನೆ ಮೂತ್ರ ಕೆಳಗಿಳಿಯಿತು. ಮೂತ್ರನಾಳ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಇದೇ ಮೊದಲ ಪಾಠ. ಗೇಲನ್ ದಾರದಿಂದ ಮಾಡಿದ್ದನ್ನು ಕೆಲವರ ದೇಹದಲ್ಲಿ ಪ್ರಕೃತಿಯೇ ಮಾಡಿಬಿಡುತ್ತದೆ.

ದಾರಿ ಕಟ್ಟುವ ಅಪರೂಪದ ಕಾರಣಗಳು

ಮೂತ್ರನಾಳ ಕಟ್ಟಲು ಎಲ್ಲಕ್ಕಿಂತ ಸಾಮಾನ್ಯ ಕಾರಣ ಕಲ್ಲು. ನಮ್ಮ ದೇಶದಲ್ಲಿ ಕ್ಷಯರೋಗದಿಂದ ನಾಳ ಕಿರಿದಾಗುವುದೂ ಉಂಟು. ಇವೆರಡೂ ಅಲ್ಲದಿದ್ದಾಗ ವೈದ್ಯರು ಬೇರೆ ಕಡೆ ಹುಡುಕಬೇಕಾಗುತ್ತದೆ.

ಮೊದಲನೆಯದು, ದಾರಿ ತಪ್ಪಿದ ನಾಳ. ದೇಹದ ಕೆಳಭಾಗದ ಮಲಿನ ರಕ್ತವನ್ನು ಹೃದಯಕ್ಕೆ ಒಯ್ಯುವ ಮಹಾಸಿರೆ ಬೆನ್ನುಮೂಳೆಯ ಬಲಮಗ್ಗುಲಲ್ಲಿ ಸಾಗುತ್ತದೆ. ಬಲ ಮೂತ್ರನಾಳ ಇದರ ಪಕ್ಕದಲ್ಲಿ ನೇರವಾಗಿ ಇಳಿಯಬೇಕು. ಗರ್ಭದಲ್ಲಿ ಶಿಶು ಬೆಳೆಯುವಾಗ ಹಲವು ಸಿರೆಗಳು ಹುಟ್ಟಿ, ಕೆಲವು ಮಾಯವಾಗಿ, ಉಳಿದವು ಕೂಡಿ ಈ ಮಹಾಸಿರೆಯಾಗುತ್ತದೆ. ಮಾಯವಾಗಬೇಕಿದ್ದ ಸಿರೆಯೊಂದು ಉಳಿದುಕೊಂಡು ತಾನೇ ಮಹಾಸಿರೆಯಾದರೆ, ನಾಳ ಅದರ ಹಿಂದೆ ಸಿಕ್ಕಿಕೊಳ್ಳುತ್ತದೆ. ಸಿರೆಯನ್ನು ಬಳಸಿ ಮುಂದೆ ಬಂದು ಮತ್ತೆ ಕೆಳಗಿಳಿಯುತ್ತದೆ. ಹೆಸರಿಗೆ ಇದು ನಾಳದ ದೋಷ. ನಿಜವಾಗಿ ತಪ್ಪು ಸಿರೆಯದು. 1893ರಲ್ಲಿ ಹಾಕ್‌ಸ್ಟೆಟರ್ ಇದನ್ನು ಮೊದಲು ವಿವರಿಸಿದರು. ಸಾವಿರಕ್ಕೆ ಸುಮಾರು ಒಬ್ಬರಲ್ಲಿ ಮಾತ್ರ ಇರುವ ಈ ದೋಷ ಹುಟ್ಟಿನಿಂದಲೇ ಬಂದಿದ್ದರೂ ತೊಂದರೆ ಕಾಣಿಸುವುದು ಹೆಚ್ಚಾಗಿ ಇಪ್ಪತ್ತು ಮೂವತ್ತು ವಯಸ್ಸು ದಾಟಿದ ಮೇಲೆ. ಬಣ್ಣದ ಔಷಧಿ ಕೊಟ್ಟು ತೆಗೆದ ಎಕ್ಸ್‌ರೇಯಲ್ಲಿ ನಾಳ ಮೀನು ಹಿಡಿಯುವ ಗಾಳದಂತೆ ಬಾಗಿರುವುದು ಕಾಣುತ್ತದೆ. ನಮ್ಮ ಗಾರೆ ಕೆಲಸದವನ ಚಿತ್ರದಲ್ಲಿ ಕಂಡದ್ದೂ ಇದೇ ಗಾಳ ಎಂದುಕೊಳ್ಳೋಣ.

ಎರಡನೆಯದು, ಉದರದ ಹಿಂಭಾಗದಲ್ಲಿ ಗಟ್ಟಿಯಾದ ನಾರಿನಂಥ ಅಂಗಾಂಶ ಬೆಳೆದು ನಾಳಗಳನ್ನು ಗಾರೆಯಲ್ಲಿ ಹೂತಂತೆ ಹಿಡಿದುಬಿಡುವುದು. ಕ್ಯೂಬಾದಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ಹೆಸರು ಮಾಡಿದ ಆಲ್ಬಾರನ್ 1905ರಲ್ಲಿ ಇದನ್ನು ಗುರುತಿಸಿದರು. 1948ರಲ್ಲಿ ಅಮೆರಿಕದ ಜಾನ್ ಆರ್ಮಂಡ್ ಬರೆದ ಮೇಲೆ ಅದು ಅವರ ಹೆಸರಿನಿಂದಲೂ ಪ್ರಸಿದ್ಧವಾಯಿತು. 1960ರ ದಶಕದಲ್ಲಿ ಅರೆತಲೆನೋವಿಗೆ ಕೊಡುತ್ತಿದ್ದ ಮೆಥಿಸರ್ಜೈಡ್ ಎಂಬ ಮಾತ್ರೆಯಿಂದಲೂ ಇದು ಬರುವುದು ತಿಳಿಯಿತು. ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೇಲೆಯೇ ತಿರುಗಿಬೀಳುವುದೂ ಒಂದು ಕಾರಣವೆಂದು ಈ ಶತಮಾನದಲ್ಲಿ ಸ್ಪಷ್ಟವಾಗಿದೆ. ಎರಡೂ ನಾಳಗಳು ಒಟ್ಟಿಗೆ ಸಿಕ್ಕಿಕೊಳ್ಳಬಹುದಾದ್ದರಿಂದ ಇದು ಹೆಚ್ಚು ಅಪಾಯಕಾರಿ.

ಮೂರನೆಯದು ಹೆಂಗಸರಿಗೆ ಮಾತ್ರ ಸಂಬಂಧಿಸಿದ್ದು. ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆ ಅಪರೂಪವಲ್ಲ. ಆದರೆ ಅದು ಮೂತ್ರನಾಳವನ್ನು ಸುತ್ತಿ ಹಿಸುಕುವುದು ಅಪರೂಪ. ತಿಂಗಳ ಹೊಟ್ಟೆನೋವು ಹೆಣ್ಣಿಗೆ ಸಹಜ ಎಂದು ಸುಮ್ಮನಾಗಿಸುವ ಮನೆಗಳಲ್ಲಿ ಇದು ವರ್ಷಗಟ್ಟಲೆ ಮರೆಯಲ್ಲೇ ಉಳಿಯುತ್ತದೆ.

ಮೂರರಲ್ಲಿಯೂ ಸಮಾನವಾದ ಅಪಾಯವೆಂದರೆ ಮೌನ. ಕಲ್ಲು ನಾಳದಲ್ಲಿ ಥಟ್ಟನೆ ಸಿಕ್ಕಿದಾಗ ರೋಗಿ ನೆಲಕ್ಕೆ ಬಿದ್ದು ಹೊರಳಾಡುತ್ತಾನೆ, ಆಸ್ಪತ್ರೆಗೆ ಓಡುತ್ತಾನೆ. ನಿಧಾನವಾಗಿ ಕಟ್ಟುವ ನಾಳ ಹಾಗೆ ಕೂಗುವುದಿಲ್ಲ. ಒಂದು ಮೂತ್ರಪಿಂಡ ಸೋಲುತ್ತಿದ್ದರೆ ಇನ್ನೊಂದು ಅದರ ಕೆಲಸವನ್ನೂ ಹೊರುತ್ತದೆ. ಮೂತ್ರ ಎಂದಿನಷ್ಟೇ ಹೋಗುತ್ತದೆ. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಕೂಡ ಸರಿಯಾಗಿಯೇ ಇರಬಹುದು. ಇತ್ತ ಕಟ್ಟಿದ ಕಡೆಯ ಮೂತ್ರಪಿಂಡ ಒತ್ತಡಕ್ಕೆ ಸಿಕ್ಕಿ, ತೆಳ್ಳಗಾಗಿ, ಕೊನೆಗೆ ಬರಿಯ ಚೀಲವಾಗಿರುತ್ತದೆ.

ಅಪರೂಪದ ರೋಗ ಕಲಿಸಿದ ಪಾಠ

ಸಾವಿರಕ್ಕೊಬ್ಬರಿಗೆ ಬರುವ ರೋಗಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೆ ಎಂದು ಕೇಳುವವರಿದ್ದಾರೆ. ಇಂಗ್ಲೆಂಡಿನ ಶೆಫೀಲ್ಡ್ ನಗರದ ಇಬ್ಬರು ವೈದ್ಯರ ಕೆಲಸ ಈ ಪ್ರಶ್ನೆಗೆ ಉತ್ತರವಾಗಬಲ್ಲದು. ಒಬ್ಬರು ಮೂತ್ರಾಂಗಗಳ ಶಸ್ತ್ರಚಿಕಿತ್ಸಕ ಜೇಮ್ಸ್ ಆಂಡರ್ಸನ್. ಇನ್ನೊಬ್ಬರು ಪ್ಲಾಸ್ಟಿಕ್ ಸರ್ಜನ್ ವಿಲ್ಫ್ರೆಡ್ ಹೈನ್ಸ್. ಮಹಾಸಿರೆಯ ಹಿಂದೆ ಸಿಕ್ಕಿದ ನಾಳವನ್ನು ಕತ್ತರಿಸಿ, ಸಿರೆಯ ಮುಂದಕ್ಕೆ ತಂದು, ಊದಿದ ಭಾಗವನ್ನು ಒಪ್ಪವಾಗಿ ಕತ್ತರಿಸಿ, ಅಗಲವಾದ ಬಾಯಿಯಾಗುವಂತೆ ಮತ್ತೆ ಹೊಲಿಯುವ ವಿಧಾನವನ್ನು ಅವರು 1949ರಲ್ಲಿ ಪ್ರಕಟಿಸಿದರು.

ಅವರ ಮುಂದಿದ್ದದ್ದು ಒಂದು ಅಪರೂಪದ ರೋಗ. ಆದರೆ ಮೂತ್ರಪಿಂಡಕ್ಕೂ ನಾಳಕ್ಕೂ ಕೂಡುವ ಜಾಗವೇ ಕಿರಿದಾಗಿರುವ ತೊಂದರೆ, ಮಕ್ಕಳಲ್ಲಿಯೂ ದೊಡ್ಡವರಲ್ಲಿಯೂ, ಇದಕ್ಕಿಂತ ಎಷ್ಟೋ ಹೆಚ್ಚು. ಅದಕ್ಕೂ ಇದೇ ವಿಧಾನ ಸರಿಹೊಂದಿತು. ಇಂದಿಗೂ ಪ್ರಪಂಚದ ಎಲ್ಲ ಕಡೆ ಆ ತೊಂದರೆಗೆ ಮಾಡುವ ಪ್ರಮುಖ ಶಸ್ತ್ರಚಿಕಿತ್ಸೆಯ ಹೆಸರು ಆಂಡರ್ಸನ್-ಹೈನ್ಸ್. ಒಬ್ಬ ಅಪರೂಪದ ರೋಗಿಗಾಗಿ ತೋಡಿದ ಬಾವಿ ಇಡೀ ಊರಿಗೆ ನೀರು ಕೊಟ್ಟಂತಾಯಿತು.

ಒಂದೇ ಕೊರತೆಯಿತ್ತು. ನಾಳ ಕಡ್ಡಿಯಷ್ಟು ಸಣ್ಣದು. ಅದನ್ನು ತಲುಪುವ ದಾರಿ ಮಾತ್ರ ದೊಡ್ಡದು. ಕೊನೆಯ ಪಕ್ಕೆಲುಬಿನ ಗುಂಟ ಹದಿನೈದು ಇಪ್ಪತ್ತು ಸೆಂಟಿಮೀಟರ್ ಚರ್ಮ, ಅದರ ಕೆಳಗೆ ಮೂರು ಪದರ ಸ್ನಾಯು ಕತ್ತರಿಸಬೇಕಿತ್ತು. ಕೆಲವೊಮ್ಮೆ ಪಕ್ಕೆಲುಬಿನ ತುದಿಯನ್ನೂ ತೆಗೆಯಬೇಕಾಗುತ್ತಿತ್ತು. ಗಾಯ ಮಾಗಿದ ಮೇಲೂ ಕೆಲವರಿಗೆ ಪಕ್ಕೆ ಉಬ್ಬಿಕೊಳ್ಳುತ್ತಿತ್ತು, ನೋವು ಉಳಿಯುತ್ತಿತ್ತು. ತಿಂಗಳುಗಟ್ಟಲೆ ಭಾರ ಎತ್ತುವಂತಿಲ್ಲ. ದಿನಗೂಲಿಯ ಮನೆಯಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. “ಬೆಳೆ ಕೊಯ್ಲಾಗಲಿ”, “ಮಗಳ ಮದುವೆ ಮುಗಿಯಲಿ” ಎಂದು ಆಪರೇಷನ್ ಮುಂದಕ್ಕೆ ಹೋಗುತ್ತಿತ್ತು. ಆ ಹೊತ್ತಿಗೆ ಮೂತ್ರಪಿಂಡ ಕೈಬಿಟ್ಟಿರುತ್ತಿತ್ತು.

ತವರಿಗೆ ಮರಳಿದ ದುರ್ಬೀನು

ಕರ್ನಾಟಕದ ಹಳ್ಳಿಗಳಿಗೆ ಲ್ಯಾಪರೊಸ್ಕೋಪಿ ಎಂಬ ಪದ ಹೊಸದಲ್ಲ. 1980ರ ದಶಕದಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಶಿಬಿರಗಳಲ್ಲಿ ಸಂತಾನಶಕ್ತಿಹರಣಕ್ಕೆ ಇದನ್ನು ಬಳಸಿದ್ದರಿಂದ ನಮ್ಮ ಹೆಂಗಸರ ಬಾಯಲ್ಲಿ ‘ಲ್ಯಾಪ್ರೋಸ್ಕೋಪಿ’ ಎಂದರೆ ಮಕ್ಕಳಾಗದ ಆಪರೇಷನ್ ಎಂದೇ ಅರ್ಥ. ಆದರೆ ಈ ದುರ್ಬೀನಿನ ತವರುಮನೆ ಮೂತ್ರಾಂಗಗಳ ವೈದ್ಯವೇ.

ಜರ್ಮನಿಯ ಮ್ಯಾಕ್ಸ್ ನಿಟ್ಸೆ 1870ರ ದಶಕದ ಕೊನೆಯಲ್ಲಿ ಮೂತ್ರಕೋಶದ ಒಳಗೆ ಬೆಳಕು ಹಾಯಿಸಿ ನೋಡುವ ಉಪಕರಣವನ್ನು ರೂಪಿಸಿದರು. 1901ರಲ್ಲಿ ಜಾರ್ಜ್ ಕೆಲಿಂಗ್ ಎಂಬ ವೈದ್ಯರು ನಾಯಿಯೊಂದರ ಹೊಟ್ಟೆಗೆ ಗಾಳಿ ತುಂಬಿ, ಅದೇ ಉಪಕರಣವನ್ನು ತೂರಿಸಿ ಒಳಗಿನ ಅಂಗಗಳನ್ನು ನೋಡಿದರು. 1910ರಲ್ಲಿ ಸ್ವೀಡನ್ನಿನ ಯಾಕೋಬಿಯಸ್ ಮನುಷ್ಯರಲ್ಲಿ ಇದನ್ನು ಮಾಡಿ ವರದಿ ಬರೆದರು. ಅನಂತರ ಹಲವು ದಶಕ ಈ ವಿದ್ಯೆ ಸ್ತ್ರೀರೋಗ ತಜ್ಞರ ಕೈಯಲ್ಲಿ ಬೆಳೆಯಿತು. ಜರ್ಮನಿಯ ಕುರ್ಟ್ ಸೆಮ್ 1980ರಲ್ಲಿ ಅಪೆಂಡಿಕ್ಸ್ ಅನ್ನೂ, ಎರಿಕ್ ಮ್ಯೂಹೆ 1985ರಲ್ಲಿ ಪಿತ್ತಕೋಶವನ್ನೂ ಹೀಗೆಯೇ ತೆಗೆದರು. ಭಾರತದಲ್ಲಿ ಮೊದಲ ಬಾರಿಗೆ ಪಿತ್ತಕೋಶವನ್ನು ಲ್ಯಾಪರೊಸ್ಕೋಪಿಯಿಂದ ತೆಗೆದವರು ಮುಂಬಯಿಯ ಜೆ.ಜೆ. ಆಸ್ಪತ್ರೆಯ ಡಾ. ತೆಹಮ್ಟನ್ ಉದ್ವಾಡಿಯ, ಅದು 1990ರಲ್ಲಿ.

ಅದೇ ವರ್ಷ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ರಾಲ್ಫ್ ಕ್ಲೇಮನ್ ಮತ್ತು ಸಂಗಡಿಗರು ಕಿಂಡಿಯ ಮೂಲಕ ಮೂತ್ರಪಿಂಡವೊಂದನ್ನು ಹೊರತೆಗೆದರು. ಬಹುಕಾಲ ಪರರ ಮನೆಯಲ್ಲಿದ್ದ ಮಗಳು ತವರಿಗೆ ಮರಳಿದಳು. ಆಮೇಲೆ ವರ್ಷಗಳು ಬೇಗ ಬೇಗ ಉರುಳಿದವು. 1992ರಲ್ಲಿ ಕವೂಸಿ ಮತ್ತು ಕ್ಲೇಮನ್ ತಂಡ ನಾರಿನ ಹಿಡಿತದಿಂದ ನಾಳವನ್ನು ಬಿಡಿಸಿದ ವರದಿ ಬಂತು. ಎಂಡೊಮೆಟ್ರಿಯೋಸಿಸ್‌ನಿಂದ ಕಟ್ಟಿದ ನಾಳದ ತುಂಡನ್ನು ತೆಗೆದು ಮತ್ತೆ ಜೋಡಿಸಿದ್ದನ್ನು ಕಾಮ್ರಾನ್ ನೆಜತ್ ತಂಡ ಅದೇ ವರ್ಷ ಪ್ರಕಟಿಸಿತು. 1993ರಲ್ಲಿ ಆಂಡರ್ಸನ್-ಹೈನ್ಸ್ ಬಗೆಯ ಹೊಲಿಗೆಗಳು ಕಿಂಡಿಯ ಮೂಲಕವೇ ನಡೆದವು. 1994ರಲ್ಲಿ ಜಪಾನಿನ ಬಾಬಾ ಮತ್ತು ಸಂಗಡಿಗರು ಮಹಾಸಿರೆಯ ಹಿಂದೆ ಸಿಕ್ಕಿದ ನಾಳವನ್ನು ಹೀಗೆ ಸರಿಪಡಿಸಿದರು. ಆ ಮೊದಲ ಪ್ರಯತ್ನ ಒಂಬತ್ತು ಗಂಟೆಗೂ ಹೆಚ್ಚು ಹೊತ್ತು ಹಿಡಿಯಿತು. ಈಗ ನುರಿತ ಕೈಗಳಲ್ಲಿ ಎರಡು ಮೂರು ಗಂಟೆಯ ಕೆಲಸ.

ಮುಂಬಯಿಯ ಕೈಗವಸು

ಈ ಚರಿತ್ರೆಯಲ್ಲಿ ಭಾರತದ ಪಾಲು ಕೇವಲ ಕಲಿತು ಮಾಡಿದ್ದಲ್ಲ, ಕಲಿಸಿದ್ದೂ ಹೌದು. ಮೂತ್ರಪಿಂಡ ಮತ್ತು ಮೂತ್ರನಾಳಗಳಿರುವುದು ಕರುಳುಗಳ ಚೀಲದ ಒಳಗಲ್ಲ, ಅದರ ಹಿಂದೆ. ಹೊಟ್ಟೆಯ ಕಡೆಯಿಂದ ಹೋದರೆ ಕರುಳನ್ನು ಸರಿಸಿಕೊಂಡು ಹೋಗಬೇಕು. ಬೆನ್ನಿನ ಕಡೆಯಿಂದ ಹೋಗುವುದು ಹತ್ತಿರದ ದಾರಿ. ಆದರೆ ಅಲ್ಲಿ ಖಾಲಿ ಜಾಗವೇ ಇಲ್ಲ. ಕೊಬ್ಬು ಮತ್ತು ಪೊರೆಗಳು ಒತ್ತೊತ್ತಾಗಿ ತುಂಬಿವೆ. ಬರಿಯ ಗಾಳಿ ತುಂಬಿ ಜಾಗ ಮಾಡಲು ಹೊರಟವರಿಗೆ ಸರಿಯಾದ ಫಲ ಸಿಗಲಿಲ್ಲ.

ಬಾಂಬೆ ಹಾಸ್ಪಿಟಲ್‌ನ ಡಾ. ಡಿ.ಡಿ. ಗೌರ್ 1992ರಲ್ಲಿ ಇದಕ್ಕೊಂದು ಉಪಾಯವನ್ನು ಪ್ರಕಟಿಸಿದರು. ಶಸ್ತ್ರಚಿಕಿತ್ಸಕರು ಹಾಕಿಕೊಳ್ಳುವ ರಬ್ಬರ್ ಕೈಗವಸು. ಅದನ್ನು ಕಟ್ಟಿದ ಒಂದು ಕೆಂಪು ರಬ್ಬರ್ ನಳಿಕೆ. ಊದಲು ರಕ್ತದೊತ್ತಡ ನೋಡುವ ಯಂತ್ರದ ಒತ್ತುಗುಂಡು. ಪಕ್ಕೆಯ ಸಣ್ಣ ಕಿಂಡಿಯಲ್ಲಿ ಕೈಗವಸನ್ನು ತೂರಿಸಿ ಊದಿದರೆ ಅದು ಬಲೂನಿನಂತೆ ಹಿಗ್ಗಿ, ಪೊರೆಗಳನ್ನು ಮೆಲ್ಲಗೆ ಬೇರ್ಪಡಿಸಿ, ಕೆಲಸಕ್ಕೆ ಬೇಕಾದ ಕೋಣೆಯನ್ನು ತಾನೇ ಮಾಡಿಕೊಡುತ್ತದೆ. ಬೆನ್ನಿನ ಕಡೆಯ ಕೀಹೋಲ್ ಶಸ್ತ್ರಚಿಕಿತ್ಸೆ ಜಗತ್ತಿನಲ್ಲಿ ಬೇರೂರಿದ್ದು ಈ ಬಲೂನಿನಿಂದ. ಮುಂದೆ ಕಂಪನಿಗಳು ದುಬಾರಿ ಬಲೂನುಗಳನ್ನು ಮಾರುಕಟ್ಟೆಗೆ ತಂದವು. ಕೈಗವಸಿನ ಬೆರಳು ಕಟ್ಟಿ ಕೆಲಸ ಸಾಗಿಸುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ.

ಕಿಂಡಿಯೊಳಗಿನ ಕೆಲಸ

ಆಪರೇಷನ್ ಕೋಣೆಯಲ್ಲಿ ನಡೆಯುವುದೇನು? ರೋಗಿಗೆ ಪೂರ್ತಿ ಅರಿವಳಿಕೆ ಕೊಟ್ಟು ಮಗ್ಗುಲಾಗಿ ಮಲಗಿಸುತ್ತಾರೆ. 5ರಿಂದ 10 ಮಿಲಿಮೀಟರ್ ಅಗಲದ ಮೂರು ಅಥವಾ ನಾಲ್ಕು ಕಿಂಡಿ ಮಾಡುತ್ತಾರೆ. ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿ ಒಳಗೆ ಜಾಗ ಮಾಡುತ್ತಾರೆ. ಒಂದು ಕಿಂಡಿಯಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉದ್ದನೆಯ ಕತ್ತರಿ, ಇಕ್ಕಳ, ಸೂಜಿ ಹಿಡಿಕೆ. ಶಸ್ತ್ರಚಿಕಿತ್ಸಕರ ಕಣ್ಣು ರೋಗಿಯ ಮೇಲಲ್ಲ, ಎದುರಿನ ಟಿ.ವಿ. ಪರದೆಯ ಮೇಲಿರುತ್ತದೆ. ಕಡ್ಡಿಯಂಥ ನಾಳ ಅಲ್ಲಿ ಹಗ್ಗದಷ್ಟು ದೊಡ್ಡದಾಗಿ ಕಾಣುತ್ತದೆ.

ನಾಳವನ್ನು ಮಹಾಸಿರೆಯಿಂದ ಎಚ್ಚರಿಕೆಯಿಂದ ಬಿಡಿಸಿ, ಊದಿದ ಭಾಗದ ಕೆಳಗೆ ಕತ್ತರಿಸಿ, ಸಿರೆಯ ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಕೆಟ್ಟ ತುಂಡಿದ್ದರೆ ತೆಗೆದುಹಾಕುತ್ತಾರೆ. ಬಳಿಕ ಎರಡು ತುದಿಗಳನ್ನು ತಾನೇ ಕರಗುವ ದಾರದಿಂದ ಹೊಲಿಯುತ್ತಾರೆ. ಕಷ್ಟವಿರುವುದು ಇಲ್ಲಿಯೇ. ಗೇಣಿಗಿಂತ ಉದ್ದದ ಕಡ್ಡಿಗಳ ತುದಿಯಲ್ಲಿ ಕೂದಲಿನಂಥ ದಾರ ಹಿಡಿದು ನೀರು ಸೋರದಂತೆ ಗಂಟು ಹಾಕುವ ಕೆಲಸಕ್ಕೆ ವರ್ಷಗಳ ಅಭ್ಯಾಸ ಬೇಕು. ದೊಡ್ಡ ನಗರಗಳ ಆಸ್ಪತ್ರೆಗಳಿಗೆ ಬಂದಿರುವ ರೋಬೋಟ್ ಯಂತ್ರ ಈ ಹೊಲಿಗೆಯನ್ನು ಸುಲಭ ಮಾಡಿದೆ, ಖರ್ಚನ್ನು ಹೆಚ್ಚಿಸಿದೆ. ನಾರಿನ ಹಿಡಿತಕ್ಕೆ ಸಿಕ್ಕಿದ ನಾಳವಾದರೆ ಸಾಧಾರಣವಾಗಿ ಮೊದಲು ಸ್ಟಿರಾಯ್ಡ್ ಔಷಧಿ. ಅದು ಸಾಲದಿದ್ದಾಗ ನಾಳವನ್ನು ಬಿಡಿಸಿ, ಮತ್ತೆ ಸಿಕ್ಕಿಕೊಳ್ಳದಂತೆ ಹೊಟ್ಟೆಯೊಳಗಿನ ಕೊಬ್ಬಿನ ಪೊರೆಯನ್ನೇ ಸುತ್ತುತ್ತಾರೆ.

ಕೀಹೋಲ್ ಎಂದರೆ ಅಪಾಯವೇ ಇಲ್ಲ ಎಂದಲ್ಲ. ಮಹಾಸಿರೆಗೆ ಪೆಟ್ಟಾದರೆ ಕೂಡಲೇ ಹೊಟ್ಟೆ ತೆರೆಯಬೇಕಾದೀತು. ಹೊಲಿದ ಜಾಗ ಸೋರಬಹುದು, ಮತ್ತೆ ಕಿರಿದಾಗಬಹುದು. ಹಿಂದೆ ಹಲವು ಆಪರೇಷನ್ ಆದವರಿಗೆ ಹಳೆಯ ವಿಧಾನವೇ ಕ್ಷೇಮವಾಗಿರಬಹುದು. ಆದರೆ ಎಲ್ಲವೂ ಸರಿ ಹೋದರೆ ರೋಗಿ ಕೆಲವೇ ದಿನಗಳಲ್ಲಿ ಮನೆಗೆ ಹೋಗುತ್ತಾನೆ. ಕೆಲಸಕ್ಕೆ ಮರಳುವುದೂ ಬೇಗ.

ಮರೆಯಬಾರದ ಎರಡು ಮಾತು

ಹೊಲಿದ ನಾಳ ಮಾಗುವವರೆಗೆ ಒಳಗೊಂದು ತೆಳುವಾದ ಪ್ಲಾಸ್ಟಿಕ್ ನಳಿಕೆ ಇಟ್ಟಿರುತ್ತಾರೆ. ಎರಡೂ ತುದಿ ಕೊಕ್ಕೆಯಂತೆ ಬಾಗಿರುವುದರಿಂದ ಅದನ್ನು ಡಿಜೆ ಸ್ಟೆಂಟ್ ಎನ್ನುತ್ತಾರೆ. ನಾಲ್ಕರಿಂದ ಆರು ವಾರದಲ್ಲಿ ಸಾಮಾನ್ಯವಾಗಿ ಅದನ್ನು ತೆಗೆಸಬೇಕು. ನೋವು ಹೋಯಿತೆಂದು ಊರಿಗೆ ಹೋದವರು ಮರೆತುಬಿಡುವುದುಂಟು. ವರ್ಷಗಟ್ಟಲೆ ಉಳಿದ ನಳಿಕೆಯ ಮೇಲೆ ಕಲ್ಲು ಕಟ್ಟಿ, ಉಳಿಸಿದ ಮೂತ್ರಪಿಂಡವನ್ನೇ ಕಳೆದುಕೊಳ್ಳುವ ಸ್ಥಿತಿ ಬರುತ್ತದೆ. ಆಸ್ಪತ್ರೆ ಬಿಡುವಾಗ ಕೊಟ್ಟ ಚೀಟಿಯಲ್ಲಿ ಸ್ಟೆಂಟ್ ತೆಗೆಸುವ ದಿನಾಂಕ ಬರೆದಿದೆಯೇ ಎಂದು ನೋಡಿ, ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಎರಡನೆಯ ಮಾತು ಕಾಲದ್ದು. ಊದಿದ ಮೂತ್ರಪಿಂಡದಲ್ಲಿ ಎಷ್ಟು ಜೀವ ಉಳಿದಿದೆ ಎಂದು ತಿಳಿಯಲು ರೀನೋಗ್ರಾಮ್ ಎಂಬ ಪರೀಕ್ಷೆಯಿದೆ. ಎರಡೂ ಸೇರಿ ಮಾಡುವ ಕೆಲಸದಲ್ಲಿ ಕಟ್ಟಿದ ಕಡೆಯ ಪಾಲು ಶೇಕಡ 10ಕ್ಕಿಂತ ಕೆಳಗಿಳಿದಿದ್ದರೆ ಸಾಮಾನ್ಯವಾಗಿ ಉಳಿಸುವ ಮಾತು ಬಿಟ್ಟು ತೆಗೆಯುವ ಮಾತು ಬರುತ್ತದೆ. ಅದನ್ನೂ ಕಿಂಡಿಯಿಂದಲೇ ತೆಗೆಯಬಹುದು. ಆದರೆ ಅದು ಚಿಕಿತ್ಸೆಯ ಗೆಲುವಲ್ಲ. ಆದ್ದರಿಂದ ಪದೇ ಪದೇ ಒಂದೇ ಪಕ್ಕೆಯಲ್ಲಿ ಬರುವ ನೋವಿಗೆ, ಅದರಲ್ಲೂ ಹೆಚ್ಚು ನೀರು ಕುಡಿದಾಗ ಬರುವ ನೋವಿಗೆ, ಒಮ್ಮೆ ಸ್ಕ್ಯಾನಿಂಗ್ ಮಾಡಿಸುವುದು ಜಾಣತನ. ಕಲ್ಲಿಲ್ಲ ಎಂಬ ವರದಿ ಬಂದರೆ ನಿಶ್ಚಿಂತೆಯಿಂದ ಚೀಟಿ ಮಡಚಿಡುವಂತಿಲ್ಲ. ಮೂತ್ರಪಿಂಡ ಊದಿದೆಯೇ ಎಂಬ ಸಾಲನ್ನೂ ಓದಬೇಕು.

ನಮ್ಮ ಗಾರೆ ಕೆಲಸದವನ ಬಲ ಮೂತ್ರಪಿಂಡದಲ್ಲಿ ಇನ್ನೂ ಸಾಕಷ್ಟು ಜೀವವಿದೆ ಎಂದು ಪರೀಕ್ಷೆ ಹೇಳಿತು ಎಂದುಕೊಳ್ಳೋಣ. ಪಕ್ಕೆ ಸೀಳಿ ತಿಂಗಳುಗಟ್ಟಲೆ ಮಲಗಬೇಕೆಂದಿದ್ದರೆ ಅವನು ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದನೇನೋ. ನಾಲ್ಕು ಕಿಂಡಿ ಎಂದಾಗ ಮೇಸ್ತ್ರಿಗೆ ಹೇಳಿ ರಜೆ ಕೇಳುವ ಧೈರ್ಯ ಬರುತ್ತದೆ. ಸಾವಿರಕ್ಕೊಬ್ಬನ ರೋಗವಿರಬಹುದು. ಆ ಒಬ್ಬನ ಮನೆಯಲ್ಲಿ ದುಡಿಯುವವನು ಅವನೊಬ್ಬನೇ.